ಕಹಳೆಗೆ ಒಪ್ಪಿದ ಕೊರಳು

ನೂರು ವರ್ಷ ಹಳೆಯ ಹಾಡುಗಳು ಈಗ ಅಂತರ್ಜಾಲದಲ್ಲಿ ಧಾರಾಳವಾಗಿ ಸಿಗುತ್ತಿವೆ. ಅದಕ್ಕೆ ಕಾರಣ ಕಾನೂನು. ಅಮೆರಿಕದಲ್ಲಿ 1923ಕ್ಕಿಂತ ಹಿಂದಿನ ಎಲ್ಲ ಧ್ವನಿಮುದ್ರಿಕೆಗಳ ಹಕ್ಕುಸ್ವಾಮ್ಯ 2022ರ ಜನವರಿ 1ರಂದು ಒಟ್ಟಿಗೇ ಮುಗಿಯಿತು. 2024ರಿಂದ ಪ್ರತಿ ಜನವರಿಗೆ ಒಂದೊಂದು ವರ್ಷದ ಮುದ್ರಿಕೆಗಳು ಸಾರ್ವಜನಿಕ ಸ್ವತ್ತಾಗುತ್ತಿವೆ. 2026ರಲ್ಲಿ 1925ರ ಸರದಿ ಬಂತು. ಭಾರತದಲ್ಲಿ ಧ್ವನಿಮುದ್ರಿಕೆ ಹೊರಬಂದ ವರ್ಷದಿಂದಾಚೆಗೆ 60 ವರ್ಷಗಳ ರಕ್ಷಣೆ ಮಾತ್ರ ಇರುವುದರಿಂದ, ಆ ಕಾಲದ ಗ್ರಾಮಫೋನ್ ತಟ್ಟೆಗಳು ನಮ್ಮಲ್ಲಿ ಎಂದೋ ಮುಕ್ತವಾಗಿವೆ.

ಕುತೂಹಲಕ್ಕೆ ಒಂದನ್ನು ಒತ್ತಿದರೆ ಮೊದಲು ಕೇಳಿಸುವುದು ಬಾಣಲೆಯಲ್ಲಿ ಸಾಸಿವೆ ಸಿಡಿಯುವಂಥ ಸದ್ದು. ಅದರ ಹಿಂದಿನಿಂದ ಒಂದು ಗಂಡು ದನಿ ಎದ್ದು ಬರುತ್ತದೆ. ಇನ್ನೊಂದನ್ನು ಒತ್ತಿದರೆ ಮತ್ತೆ ಗಂಡು ದನಿ. ಹಲವು ಬಾರಿ ಹೆಸರಿನ ಪಕ್ಕದಲ್ಲಿ ‘ಬ್ಯಾರಿಟೋನ್’ ಎಂದು ಬರೆದಿರುತ್ತದೆ. ಬೇರೆ ಬೇರೆ ಹೆಸರಿನ ಇಬ್ಬರು ಹಾಡುಗಾರರ ದನಿ ಒಂದೇ ಥರ ಕೇಳುವುದೂ ಉಂಟು. ಅದು ಭ್ರಮೆಯಲ್ಲ, ನಿಜಕ್ಕೂ ಹಾಡಿದವರು ಒಬ್ಬರೇ ಆಗಿರಬಹುದು.

ಬ್ಯಾರಿಟೋನ್ ಎಂದರೇನು, ಆ ದನಿಗೆ ಅಷ್ಟೇಕೆ ಬೇಡಿಕೆ ಇತ್ತು, ಒಬ್ಬ ಗಾಯಕನಿಗೆ ಐದಾರು ಹೆಸರು ಏಕೆ ಬೇಕಾಯಿತು? ಈ ಪ್ರಶ್ನೆಗಳಿಗೆ ಒಬ್ಬರ ಬದುಕಿನಲ್ಲೇ ಉತ್ತರ ಸಿಗುತ್ತದೆ. ಅವರು ಆಸ್ಟ್ರೇಲಿಯಾದ ಪೀಟರ್ ಡಾಸನ್. 1904ರಲ್ಲಿ ಮೇಣದ ಉರುಳೆಗೆ ಹಾಡಿದ ಅವರು 1950ರ ದಶಕದಲ್ಲೂ ಮುದ್ರಣ ಕೊಠಡಿಯಲ್ಲಿ ನಿಂತು ಹಾಡುತ್ತಿದ್ದರು.

ಬ್ಯಾರಿಟೋನ್ ಎಂದರೆ ಯಾವ ದನಿ?

ಪಾಶ್ಚಾತ್ಯ ಸಂಗೀತದಲ್ಲಿ ಹಾಡುಗಾರರನ್ನು ದನಿಯ ಎತ್ತರದ ಮೇಲೆ ವಿಂಗಡಿಸುತ್ತಾರೆ. ಗಂಡಸರಲ್ಲಿ ಮುಖ್ಯವಾಗಿ ಮೂರು ಬಗೆ. ತೀರ ಕೆಳಗಿನದು ಬೇಸ್, ಮೇಲಿನದು ಟೆನರ್, ನಡುವಿನದು ಬ್ಯಾರಿಟೋನ್. ಬಹುಪಾಲು ಗಂಡಸರ ಸಹಜ ದನಿ ಈ ನಡುವಿನ ವರ್ಗದಲ್ಲೇ ಬೀಳುತ್ತದೆ. ಡಾಸನ್ ಅವರದು ಬೇಸ್ ಕಡೆಗೆ ತುಸು ವಾಲಿದ ದನಿಯಾದ್ದರಿಂದ ಅವರನ್ನು ಬೇಸ್-ಬ್ಯಾರಿಟೋನ್ ಎಂದು ಕರೆಯುತ್ತಾರೆ.

ನಮ್ಮ ಲೆಕ್ಕದಲ್ಲಿ ಇದನ್ನು ಅಳೆಯುವುದು ಸುಲಭ. ಮೊಬೈಲಿನ ಶ್ರುತಿಯನ್ನು ಒಂದು ಮನೆಗೆ, ಎಂದರೆ ಪಾಶ್ಚಾತ್ಯರ ‘ಸಿ’ ಸ್ವರಕ್ಕೆ, ಇಟ್ಟುಕೊಳ್ಳಿ. ಗಂಡು ದನಿಯ ಮಧ್ಯ ಷಡ್ಜ, ಅಂದರೆ ನಡು ಸ್ಥಾಯಿಯ ‘ಸ’, ಆಗ ಸೆಕೆಂಡಿಗೆ ಸುಮಾರು 130 ಕಂಪನಗಳಲ್ಲಿ ನಿಲ್ಲುತ್ತದೆ. ಅಲ್ಲಿಂದ ಮಂದ್ರ ಪಂಚಮಕ್ಕೆ (ಕೆಳ ಸ್ಥಾಯಿಯ ‘ಪ’) ಇಳಿದರೆ 98, ತಾರ ಪಂಚಮಕ್ಕೆ (ಮೇಲಿನ ಸ್ಥಾಯಿಯ ‘ಪ’) ಏರಿದರೆ 392. ಈ ಎರಡು ಸ್ಥಾಯಿಗಳ ಹರವೇ ಹೆಚ್ಚುಕಡಿಮೆ ಬ್ಯಾರಿಟೋನ್ ದನಿಯ ಹರವು. ಕರ್ನಾಟಕ ಸಂಗೀತ ಕಲಿಸುವವರು ಹುಡುಗರಿಂದ ನಿರೀಕ್ಷಿಸುವುದೂ ಇದನ್ನೇ: ಮಂದ್ರ ಪಂಚಮ ಮುಟ್ಟಬೇಕು, ತಾರ ಪಂಚಮ ತಲುಪಬೇಕು. ಅಂದರೆ ಒಂದು ಮನೆ ಶ್ರುತಿಯಲ್ಲಿ ಕೂತು ಹಾಡುವ ಗಂಡಸು, ಹೆಸರು ಗೊತ್ತಿಲ್ಲದಿದ್ದರೂ, ಬ್ಯಾರಿಟೋನಿನ ಊರಿನಲ್ಲೇ ಓಡಾಡುತ್ತಿರುತ್ತಾನೆ.

ವ್ಯತ್ಯಾಸ ಇರುವುದು ಶ್ರುತಿಯ ವಿಷಯದಲ್ಲಿ. ನಮ್ಮಲ್ಲಿ ಹಾಡುಗಾರರು ತಮ್ಮ ಕೊರಳಿಗೆ ತಕ್ಕ ಶ್ರುತಿ ಆಯ್ದುಕೊಳ್ಳುತ್ತಾರೆ. ಅಲ್ಲಿಯ ಆಪೆರಾದಲ್ಲಿ, ಎಂದರೆ ಹಾಡಿನಲ್ಲೇ ನಡೆಯುವ ನಾಟಕದಲ್ಲಿ, ಸಂಯೋಜಕನೇ ಶ್ರುತಿಯನ್ನು ಕಾಗದದ ಮೇಲೆ ಬರೆದಿಟ್ಟಿರುತ್ತಾನೆ, ಅದಕ್ಕೆ ಒಪ್ಪುವ ಕೊರಳನ್ನು ಹುಡುಕಬೇಕು. ದನಿಗಳನ್ನು ಹೆಸರಿಟ್ಟು ವಿಂಗಡಿಸುವ ಅಗತ್ಯ ಬಂದದ್ದು ಹೀಗೆ.

ಕಹಳೆಯ ಮುಂದೆ ನಿಂತಾಗ

1925ಕ್ಕಿಂತ ಮುಂಚಿನ ಹಾಡಿನ ಮುದ್ರಣಕ್ಕೆ ಮೈಕೂ ಇರಲಿಲ್ಲ, ವಿದ್ಯುತ್ತಿನ ನೆರವೂ ಇರಲಿಲ್ಲ. ಆ ಕೊಠಡಿಯ ಚಿತ್ರ ಕಣ್ಣಿಗೆ ಬಂದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಗೋಡೆಯಿಂದಲೋ ಪರದೆಯಿಂದಲೋ ಒಂದು ದೊಡ್ಡ ತಗಡಿನ ಕಹಳೆ ಹೊರಗೆ ಚಾಚಿಕೊಂಡಿದೆ. ಅದರ ಅಗಲವಾದ ಬಾಯಿ ಹಾಡುಗಾರನ ಮುಖಕ್ಕೆ ಎದುರಾಗಿದೆ. ಕಿರಿದಾದ ತುದಿಯಲ್ಲಿ ಒಂದು ತೆಳು ಬಿಲ್ಲೆ, ಬಿಲ್ಲೆಗೆ ಅಂಟಿದ ಮೊನೆ, ಮೊನೆಯ ಕೆಳಗೆ ತಿರುಗುವ ಮೇಣದ ತಟ್ಟೆ. ಹಾಡಿನಿಂದ ಗಾಳಿ ಕಂಪಿಸುತ್ತದೆ, ಗಾಳಿ ಬಿಲ್ಲೆಯನ್ನು ಅಲುಗಿಸುತ್ತದೆ, ಮೊನೆ ಮೇಣದ ಮೇಲೆ ಡೊಂಕು ಗೆರೆ ಕೊರೆಯುತ್ತದೆ. ಅಷ್ಟೇ. ಗೆರೆ ಕೊರೆಯಲು ಬೇಕಾದ ಬಲವೆಲ್ಲ ಹಾಡುಗಾರನ ಎದೆಯಿಂದಲೇ ಬರಬೇಕು. ಕಂಪನಿ ನಾಟಕದ ನಟರು ಮೈಕಿಲ್ಲದೆ ಹಿಂದಿನ ಸಾಲಿನ ನೆಲದ ಟಿಕೆಟಿನವರಿಗೂ ಕೇಳುವಂತೆ ಹಾಡುತ್ತಿದ್ದರಲ್ಲ, ಅಂಥ ಎದೆಗಾರಿಕೆ ಇಲ್ಲಿಯೂ ಬೇಕಿತ್ತು. ಆದರೆ ಇಲ್ಲಿ ಆ ಸಾಲು ಇದ್ದದ್ದು ಮೂಗಿನಿಂದ ಗೇಣು ದೂರದಲ್ಲಿ.

ಮೇಣ ಮೆತ್ತಗಿರಬೇಕೆಂದು ಅದನ್ನು ಬೆಚ್ಚಗೆ ಇಡುತ್ತಿದ್ದರು. ಪಿಟೀಲಿನ ಸದ್ದು ಕಹಳೆಯೊಳಗೆ ಹೋಗಲು ಸಾಲದಾದ್ದರಿಂದ ಮರದ ಹೊಟ್ಟೆಯ ಬದಲು ಪುಟ್ಟ ಕಹಳೆಯನ್ನೇ ಜೋಡಿಸಿದ ‘ಸ್ಟ್ರೋ ಪಿಟೀಲು’ ಬಳಸುತ್ತಿದ್ದರು. ಪಿಯಾನೊವನ್ನು ಕಹಳೆಯ ಮಟ್ಟಕ್ಕೆ ಬರುವಂತೆ ಹಲಗೆಗಳ ಮೇಲೆ ಏರಿಸುತ್ತಿದ್ದರು. ತಾರದ ಸ್ವರ ಬಂದಾಗ ಹಾಡುಗಾರ ಒಂದು ಹೆಜ್ಜೆ ಹಿಂದೆ ಸರಿಯಬೇಕು, ಇಲ್ಲದಿದ್ದರೆ ಮೊನೆ ಹಾರಿ ಗೆರೆ ಒಡೆಯುತ್ತದೆ. ಮಂದ್ರಕ್ಕೆ ಇಳಿದಾಗ ತಲೆಯನ್ನು ಕಹಳೆಯ ಬಾಯಿಗೇ ತರಬೇಕು. ಸ್ವರದ ಜೊತೆಗೆ ಮೈಯೂ ಮುಂದೆ ಹಿಂದೆ ತೂಗುತ್ತಿರಬೇಕು.

ಇಷ್ಟೆಲ್ಲ ಮೂರು ಚಿಲ್ಲರೆ ನಿಮಿಷದೊಳಗೆ ನಡೆಯಬೇಕು, ಏಕೆಂದರೆ ಹತ್ತು ಅಂಗುಲದ ತಟ್ಟೆಯಲ್ಲಿ ಹಿಡಿಸುತ್ತಿದ್ದುದು ಅಷ್ಟೇ. ನಡುವೆ ತಪ್ಪಿದರೆ ತಿದ್ದುವಂತಿಲ್ಲ, ಹೊಸ ಮೇಣ ಹಾಕಿ ಮೊದಲಿಂದ ಹಾಡಬೇಕು. ಕೊರೆದ ಮೇಣವನ್ನು ಅಲ್ಲೇ ಮುಳ್ಳಿಟ್ಟು ಕೇಳಿದರೆ ಗೆರೆ ಸವೆದು ಕೆಡುತ್ತದೆ. ಆದ್ದರಿಂದ ಮಾರಾಟಕ್ಕೆ ಹೋಗುವ ಹಾಡು ಹೇಗೆ ಬಂತೆಂಬುದನ್ನು ಹಾಡಿದವನೇ ಆ ದಿನ ಕೇಳುವಂತಿರಲಿಲ್ಲ. ಆ ಕಟ್ಟುಪಾಡಿನಲ್ಲಿ ತಪ್ಪಿಲ್ಲದೆ ಹಾಡಬಲ್ಲವರಿಗೆ ಕಂಪನಿಗಳು ಮತ್ತೆ ಮತ್ತೆ ಕೆಲಸ ಕೊಟ್ಟದ್ದು ಸಹಜವೇ. ಡಾಸನ್ ಅಂಥವರಲ್ಲಿ ಮುಂಚೂಣಿಯವರು.

ಯಂತ್ರಕ್ಕೆ ಗಂಡು ದನಿಯೇ ಏಕೆ ಹಿಡಿಸಿತು?

ಕಹಳೆ ಎಲ್ಲ ಸ್ವರಗಳನ್ನೂ ಸಮನಾಗಿ ಹಿಡಿಯುತ್ತಿರಲಿಲ್ಲ. ಸೆಕೆಂಡಿಗೆ ಸುಮಾರು 170 ಕಂಪನಕ್ಕಿಂತ ಕೆಳಗಿನದೂ ಸುಮಾರು 2000ಕ್ಕಿಂತ ಮೇಲಿನದೂ ಬಹುಮಟ್ಟಿಗೆ ಕಳೆದುಹೋಗುತ್ತಿದ್ದವು. ಇಲ್ಲೊಂದು ಸೋಜಿಗ ಕಾಣುತ್ತದೆ. ಬ್ಯಾರಿಟೋನಿನ ಕೆಳಗಿನ ಸ್ವರ 98 ಕಂಪನದ್ದು ಎಂದು ಮೇಲೆ ನೋಡಿದೆವು. ಅದು ಕಹಳೆಗೆ ಸಿಕ್ಕುವುದೇ ಇಲ್ಲ. ಹಾಗಿದ್ದೂ ತಟ್ಟೆಯಲ್ಲಿ ಆ ಸ್ವರ ನಮಗೆ ಕೇಳಿಸುತ್ತದೆ.

ಉತ್ತರ ತಂಬೂರಿಯಲ್ಲಿದೆ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಮಂದ್ರ ಷಡ್ಜದ ತಂತಿಯನ್ನು ಮೀಟಿ ಕಿವಿಗೊಟ್ಟರೆ, ಯಾರೂ ನುಡಿಸದ ಗಾಂಧಾರವೊಂದು ತಾನಾಗಿ ಕೇಳಿಬರುತ್ತದೆ. ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತೇವೆ. ತಂತಿ ಇಡಿಯಾಗಿ ಕಂಪಿಸುವಾಗಲೇ ಎರಡು ಪಾಲಾಗಿ, ಮೂರು ಪಾಲಾಗಿ, ನಾಲ್ಕು, ಐದು ಪಾಲಾಗಿಯೂ ಕಂಪಿಸುತ್ತಿರುತ್ತದೆ. ಐದು ಪಾಲಿನ ಕಂಪನವೇ ಆ ಗಾಂಧಾರ. ಹೀಗೆ ಮೂಲ ಸ್ವರದ ಮೇಲೆ ಏಳುವ ಸ್ವರಗಳನ್ನು ಉಪಸ್ವರಗಳು ಎನ್ನೋಣ. ಮನುಷ್ಯನ ಕೊರಳೂ ಹೀಗೆಯೇ. 98 ಕಂಪನದ ಸ್ವರ ಹಾಡಿದರೆ ಅದರೊಂದಿಗೆ 196, 294, 392 ಮುಂತಾದವೂ ಹೊರಡುತ್ತವೆ.

ಕಹಳೆ 98ನ್ನು ಬಿಟ್ಟರೂ 196ರಿಂದ ಮೇಲಿನ ಸಾಲನ್ನು ಹಿಡಿಯುತ್ತದೆ. ಈ ಸಾಲಿನ ನಡುವಿನ ಅಂತರ ಎಲ್ಲೆಲ್ಲೂ 98 ಆಗಿರುವುದನ್ನು ಗುರುತಿಸಿ, ನಮ್ಮ ಕಿವಿ ಮತ್ತು ಮಿದುಳು ಕಳೆದುಹೋದ ಮೂಲ ಸ್ವರವನ್ನು ತಾವೇ ತುಂಬಿಕೊಳ್ಳುತ್ತವೆ. ಇದನ್ನು ನಾವು ದಿನವೂ ಅನುಭವಿಸಿದ್ದೇವೆ. ಹಳೆಯ ಸ್ಥಿರ ದೂರವಾಣಿ 300ಕ್ಕಿಂತ ಕೆಳಗಿನ ಕಂಪನಗಳನ್ನು ದಾಟಿಸುತ್ತಿರಲಿಲ್ಲ. ಆದರೂ ಆ ಬದಿಯಲ್ಲಿ ಅಪ್ಪನ ಗಡಸು ದನಿ ಅಪ್ಪನದಾಗಿಯೇ ಕೇಳುತ್ತಿತ್ತು.

ತುಂಬಾ ಎತ್ತರದ ಹೆಣ್ಣು ದನಿಗೆ ಈ ಅನುಕೂಲ ಇರಲಿಲ್ಲ. ಆಪೆರಾದ ಸೊಪ್ರಾನೊ ಗಾಯಕಿ 1046 ಕಂಪನದ ಸ್ವರ ಮುಟ್ಟಿದಾಗ ಮೊದಲ ಉಪಸ್ವರವೇ 2092ಕ್ಕೆ ಹೋಗುತ್ತದೆ, ಅದು ಕಹಳೆಯ ಎಲ್ಲೆಯ ಆಚೆ. ಉಳಿಯುವುದು ಬರಿ ಮೂಲ ಸ್ವರ. ದನಿಗೆ ಬಣ್ಣ ಕೊಡುವುದು ಉಪಸ್ವರಗಳಾದ್ದರಿಂದ ತಟ್ಟೆಯಲ್ಲಿ ಆ ದನಿ ಬಣ್ಣಗೆಟ್ಟು ಪೀಪಿಯಂತೆ ಕೇಳುತ್ತಿತ್ತು. ಹಾಡಿದವರ ದೋಷ ಅದರಲ್ಲಿ ಎಳ್ಳಷ್ಟೂ ಇಲ್ಲ. ಹಳೆಯ ಮುದ್ರಿಕೆ ಕೇಳಿ ಆ ಗಾಯಕಿಯರನ್ನು ತೂಗಿನೋಡಬಾರದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ನಮ್ಮ ಗಾಯಕಿಯರು ಐದು, ಐದೂವರೆ ಮನೆಯ ಶ್ರುತಿಯಲ್ಲಿ, ಎಂದರೆ ಸೊಪ್ರಾನೊಗಿಂತ ಬಹಳ ಕೆಳಗೆ, ಹಾಡುವುದರಿಂದ ಅವರ ತಟ್ಟೆಗಳಲ್ಲಿ ದನಿ ಹೆಚ್ಚು ತುಂಬಿ ಬಂದಿದೆ.

ಇನ್ನೊಂದು ನಷ್ಟವೂ ಇತ್ತು. ‘ಸ’, ‘ಶ’, ‘ಫ’ಗಳಂಥ ಉಸಿರು ಸದ್ದುಗಳು ಎತ್ತರದ ಕಂಪನಗಳಿಂದ ಆದವು, ಕಹಳೆಗೆ ಅವು ಸಿಗುತ್ತಿರಲಿಲ್ಲ. ಹಾಗಾಗಿ ಉಚ್ಚಾರ ತುಸು ಸಡಿಲವಾದರೂ ಸಾಹಿತ್ಯವೇ ಮಾಯ. ಡಾಸನ್ ಅವರ ಹಳೆಯ ತಟ್ಟೆಗಳಲ್ಲೂ ಪದಗಳು ಬಿಡಿಬಿಡಿಯಾಗಿ ಕೇಳುತ್ತವೆ. ಅವರ ಹೆಸರು ನಿಂತದ್ದರಲ್ಲಿ ಈ ಉಚ್ಚಾರದ ಪಾಲು ದೊಡ್ಡದು.

ಅಡಿಲೇಡಿನಿಂದ ಲಂಡನ್ನಿಗೆ

ಪೀಟರ್ ಡಾಸನ್ ಹುಟ್ಟಿದ್ದು 1882ರ ಜನವರಿ 31ರಂದು, ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ. ಸ್ಕಾಟ್ಲೆಂಡಿನಿಂದ ವಲಸೆ ಬಂದ ಕುಟುಂಬ. ಮನೆಯ ಕಸುಬು ತಗಡು, ಕಬ್ಬಿಣ ಮತ್ತು ಕೊಳಾಯಿ ಕೆಲಸ. ಹುಡುಗ ಚರ್ಚಿನ ಮೇಳದಲ್ಲಿ ಹಾಡುತ್ತ ಬೆಳೆದು, ಇಪ್ಪತ್ತರ ವಯಸ್ಸಿನಲ್ಲಿ ಸಂಗೀತ ಕಲಿಯಲು ಬ್ರಿಟನ್ನಿಗೆ ಹೊರಟ.

ಅಲ್ಲಿ ಸಿಕ್ಕ ಗುರು ಸರ್ ಚಾರ್ಲ್ಸ್ ಸ್ಯಾಂಟ್ಲಿ. 1834ರಲ್ಲಿ ಹುಟ್ಟಿದ ಸ್ಯಾಂಟ್ಲಿ ವಿಕ್ಟೋರಿಯಾ ರಾಣಿಯ ಕಾಲದ ಅತಿ ಹೆಸರಾಂತ ಬ್ಯಾರಿಟೋನ್, ಆಗಲೇ ಎಪ್ಪತ್ತರ ಹತ್ತಿರ ಬಂದಿದ್ದವರು. ಹದಿನೆಂಟನೇ ಶತಮಾನದ ಸಂಯೋಜಕ ಹ್ಯಾಂಡೆಲನ ಉದ್ದುದ್ದ ಸ್ವರಮಾಲೆಗಳನ್ನು ಉಸಿರು ಮುರಿಯದೆ, ಒಂದು ಸ್ವರವೂ ಕಲಸಿಹೋಗದಂತೆ ಹಾಡುವ ಶಿಸ್ತು ಶಿಷ್ಯನಿಗೆ ಬಂದದ್ದು ಆ ಪಾಠದಿಂದ.

1904ರಲ್ಲಿ ಎಡಿಸನ್ ಬೆಲ್ ಕಂಪನಿಗೆ ಮೇಣದ ಉರುಳೆಯ ಮೇಲೆ ಡಾಸನ್ ಮೊದಲ ಬಾರಿ ಹಾಡಿದರು. ಉರುಳೆ ಎಂದರೆ ತಟ್ಟೆಗಿಂತ ಹಳೆಯ ರೂಪ, ಲೋಟದಂಥ ಆಕಾರದ ಮೇಣದ ಕೊಳವೆ, ಅದರ ಸುತ್ತ ಗೆರೆ. 1890ರ ದಶಕದಲ್ಲಿ ಉರುಳೆಗಳನ್ನು ಅಚ್ಚುಹಾಕುವ ಉಪಾಯ ಬಳಕೆಗೆ ಬಂದಿರಲಿಲ್ಲವಾಗಿ, ಹಲವು ಯಂತ್ರಗಳನ್ನು ಸಾಲಾಗಿ ಇಟ್ಟು ಹಾಡುಗಾರ ಒಂದೇ ಹಾಡನ್ನು ದಿನವಿಡೀ ಮತ್ತೆ ಮತ್ತೆ ಹಾಡಬೇಕಿತ್ತು. ಡಾಸನ್ ಬರುವ ಹೊತ್ತಿಗೆ ಅಚ್ಚಿನ ವಿಧಾನ ಬಂದಿತ್ತು. ‘ಧ್ವನಿಮುದ್ರಣ ಕಲಾವಿದ’ ಎಂಬ ಹೊಸ ಕಸುಬಿಗೆ ನೆಲೆ ಸಿಕ್ಕಿದ್ದು ಆಗಲೇ: ಒಮ್ಮೆ ಚೆನ್ನಾಗಿ ಹಾಡಿದರೆ ಸಾವಿರಾರು ಪ್ರತಿ.

1906ರಲ್ಲಿ ಅವರು ಗ್ರಾಮಫೋನ್ ಕಂಪನಿ ಸೇರಿದರು. ಕಹಳೆಗೆ ಕಿವಿಗೊಟ್ಟ ನಾಯಿಯ ಚಿತ್ರವಿದ್ದ ‘ಹಿಸ್ ಮಾಸ್ಟರ್ಸ್ ವಾಯ್ಸ್’ ಈ ಕಂಪನಿಯದೇ. ಆ ನಂಟು ಸುಮಾರು ಐವತ್ತು ವರ್ಷ ಉಳಿಯಿತು. 1909ರಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನ್ ಆಪೆರಾದಲ್ಲಿ ಜರ್ಮನ್ ಸಂಯೋಜಕ ವಾಗ್ನರನ ನಾಟಕವೊಂದರ ರಾತ್ರಿ ಕಾವಲುಗಾರನ ಸಣ್ಣ ಪಾತ್ರ ಮಾಡಿದರೂ ಆಪೆರಾ ಅವರ ದಾರಿಯಾಗಲಿಲ್ಲ. ಕಛೇರಿ ವೇದಿಕೆ ಮತ್ತು ಕಹಳೆ, ಇವೆರಡೇ ಅವರ ಬದುಕಾದವು.

ಆ ವೇದಿಕೆಗಳಲ್ಲಿ ನಡೆಯುತ್ತಿದ್ದುದು ‘ಬ್ಯಾಲಡ್’ ಎಂಬ ಹಾಡಿನ ಬಗೆ. ನಮ್ಮ ಭಾವಗೀತೆಯನ್ನು ನೆನೆದರೆ ಇದು ಥಟ್ಟನೆ ಹಿಡಿತಕ್ಕೆ ಬರುತ್ತದೆ: ಒಂದು ಕವಿತೆ, ಅದಕ್ಕೊಂದು ರಾಗ, ಹಿತವಾದ ಪಕ್ಕವಾದ್ಯ, ಮೂರು ನಾಲ್ಕು ನಿಮಿಷ, ಮನೆಮಂದಿಯೂ ಹಾಡಿಕೊಳ್ಳಬಹುದಾದ ಸರಳತೆ. ತಟ್ಟೆಯ ಅವಧಿಗೆ ಅಳತೆ ತೆಗೆದು ಹೊಲಿಸಿದ ಹಾಗಿದ್ದ ರೂಪ ಅದು. ಡಾಸನ್ ತಾವೇ ಹಾಡು ಕಟ್ಟುತ್ತಿದ್ದರು. ಕಿಪ್ಲಿಂಗ್‌ನ ‘ಬೂಟ್ಸ್’ ಎಂಬ ಕವಿತೆಗೆ ಅವರು ಹಾಕಿದ ರಾಗ ಬಹಳ ಹೆಸರಾಯಿತು. ಕಾಲೆಳೆಯುತ್ತ ನಡೆಯುವ ಸೈನಿಕನ ಬೂಟಿನ ಸದ್ದು ತಲೆಯೊಳಗೆ ಮೊಳಗುತ್ತಲೇ ಇರುವ ಕವಿತೆ ಅದು. ಮುದ್ರಿತ ಹಾಳೆಯ ಮೇಲೆ ಸಂಯೋಜಕನ ಹೆಸರು ಮಾತ್ರ ಜೆ. ಪಿ. ಮೆಕ್‌ಕಾಲ್. ಅದೂ ಡಾಸನ್ ಅವರೇ.

ಒಬ್ಬರಿಗೆ ಇಷ್ಟು ಹೆಸರು ಏಕೆ?

ಮೊದಲ ಉರುಳೆಗಳ ಮೇಲೆ ಅವರು ಲಿಯೊನಾರ್ಡ್ ಡಾಸನ್. ಸ್ಕಾಟಿಷ್ ಹಾಸ್ಯಗೀತೆಗಳಿಗೆ ಹೆಕ್ಟರ್ ಗ್ರಾಂಟ್. ಬೇರೆ ಬೇರೆ ಮುದ್ರಿಕೆಗಳಲ್ಲಿ ಫ್ರಾಂಕ್ ಡ್ಯಾನ್ಬಿ, ವಿಲ್ ಸ್ಟ್ರಾಂಗ್. ಅಮೆರಿಕದಲ್ಲೂ ಇದೇ ಪದ್ಧತಿ ಇತ್ತು. ಅಲ್ಲಿಯ ಹೆಸರಾಂತ ಬ್ಯಾರಿಟೋನ್ ಎಮಿಲಿಯೊ ಡೆ ಗೊಗೊರ್ಸಾ ಅವರು ಕಾರ್ಲೋಸ್ ಫ್ರಾನ್ಸಿಸ್ಕೊ, ಹರ್ಬರ್ಟ್ ಗೊಡಾರ್ಡ್ ಎಂಬ ಹೆಸರುಗಳಲ್ಲೂ ಹಾಡಿದ್ದಾರೆ.

ಕಾರಣ ವ್ಯಾಪಾರದ್ದು. ಒಂದೇ ಗಿರಣಿಯ ಅಕ್ಕಿ ಎರಡು ಹೆಸರಿನ ಚೀಲಗಳಲ್ಲಿ, ಎರಡು ಬೆಲೆಗೆ ಅಂಗಡಿಗೆ ಬರುವುದಿಲ್ಲವೇ? ಗ್ರಾಮಫೋನ್ ಕಂಪನಿಗೂ ದುಬಾರಿ ತಟ್ಟೆಗಳ ಜೊತೆಗೆ ‘ಜೋನೊಫೋನ್’ ಎಂಬ ಅಗ್ಗದ ಬಗೆಯಿತ್ತು. ಹತ್ತು ಹಾಡುಗಾರರ ಹೆಸರಿರುವ ಪಟ್ಟಿ, ಇಬ್ಬರೇ ಇರುವ ಪಟ್ಟಿಗಿಂತ ಗಿರಾಕಿಗೆ ತುಂಬಿದಂತೆ ಕಾಣುತ್ತದೆ. ಹಾಡಿನ ಬಗೆಗೂ ಇದರಲ್ಲಿ ಪಾತ್ರವಿತ್ತು. ಹ್ಯಾಂಡೆಲನ ಭಕ್ತಿಗೀತೆ ಹಾಡಿದವರೇ ಮರುವಾರ ಹಾಸ್ಯದ ಹಾಡು ಹಾಡಿದ್ದಾರೆಂದು ತಿಳಿದರೆ ಎರಡೂ ಕಡೆಯ ಕೇಳುಗರು ಮುಖ ತಿರುಗಿಸುವ ಅಳುಕಿತ್ತು.

ಸಂಭಾವನೆಯ ಪದ್ಧತಿಯೂ ಇದಕ್ಕೆ ಒದಗಿಬಂತು. ಆಗ ಹೆಚ್ಚಿನವರಿಗೆ ಸಿಗುತ್ತಿದ್ದುದು ಒಂದು ಹಾಡಿಗೆ ಇಷ್ಟು ಎಂಬ ಬಿಡಿ ಕೂಲಿ. ಮಾರಿದ ಪ್ರತಿಯೊಂದು ತಟ್ಟೆಗೂ ಪಾಲು ಪಡೆಯುವ ರಾಯಲ್ಟಿ ಕೆಲವೇ ಆಪೆರಾ ತಾರೆಯರ ಭಾಗ್ಯ. 1902ರ ಏಪ್ರಿಲಿನಲ್ಲಿ ಮಿಲಾನಿನ ಹೋಟೆಲು ಕೋಣೆಯಲ್ಲಿ ಇಟಲಿಯ ಟೆನರ್ ಎನ್ರಿಕೊ ಕರೂಸೊ ಹತ್ತು ಹಾಡು ಹಾಡಿ ಪಡೆದದ್ದೂ ನೂರು ಪೌಂಡಿನ ಒಟ್ಟು ಹಣವನ್ನೇ. ಬಿಡಿ ಕೂಲಿಯಲ್ಲಿ ದುಡಿಯುವವರಿಗೆ ಹಾಡಿನ ಸಂಖ್ಯೆ ಹೆಚ್ಚಿದಷ್ಟೂ ಲಾಭ, ಹೆಸರು ಯಾವುದಾದರೇನು.

ತಟ್ಟೆಯೊಳಗಿನ ಭಾರತ, ತಟ್ಟೆಯ ಹೊರಗಿನ ಮೈಸೂರು

ಆ ತಟ್ಟೆಗಳನ್ನು ಮಾಡುತ್ತಿದ್ದುದು ಅರಗಿನಿಂದ. ಚನ್ನಪಟ್ಟಣದ ಬೊಂಬೆಗಳಿಗೆ ಮಿರುಗು ಕೊಡುವ ಅರಗೇ ಅದು, ಮರದ ಕೊಂಬೆಗಳ ಮೇಲೆ ಕೀಟಗಳು ಸ್ರವಿಸುವ ಅಂಟು. ಜಗತ್ತಿಗೆ ಅದನ್ನು ಬಹುವಾಗಿ ಒದಗಿಸುತ್ತಿದ್ದುದು ಭಾರತ. ಅರಗಿಗೆ ಕಲ್ಲಿನ ಪುಡಿ ಮತ್ತು ಕಾಡಿಗೆಯಂಥ ಕಪ್ಪು ಪುಡಿ ಕಲಸಿ, ಬಿಸಿಯಲ್ಲಿ ಲೋಹದ ಅಚ್ಚಿಗೆ ಒತ್ತಿದರೆ ತಟ್ಟೆ ಸಿದ್ಧ. ನಾವು ಕೇಳುವ ಸಾಸಿವೆ ಸಿಡಿತಕ್ಕೆ ಮುಖ್ಯ ಕಾರಣ ಆ ಕಲ್ಲಿನ ಪುಡಿಯೇ. ಉಕ್ಕಿನ ಮುಳ್ಳು ಅದರ ಮೇಲೆ ಉಜ್ಜುತ್ತ ಸವೆಯುತ್ತಿತ್ತು. ಹಾಗಾಗಿ ಒಂದು ಬದಿ ಮುಗಿದೊಡನೆ ಮುಳ್ಳು ಬದಲಿಸಬೇಕಿತ್ತು.

ಡಾಸನ್ ಅವರ ಕಂಪನಿಗೆ ಕರೂಸೊನನ್ನು ಮುದ್ರಿಸಿಕೊಟ್ಟ ತಜ್ಞ ಫ್ರೆಡ್ ಗೈಸ್‌ಬರ್ಗ್. ಅದೇ 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಹೆಸರಾಂತ ಗಾಯಕಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡವರೂ ಅವರೇ. ಮೇಣದ ಮೂಲಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ತಟ್ಟೆಗಳಾಗಿ ಬರುತ್ತಿದ್ದವು. ಭಾಷೆ ತಿಳಿಯದ ಅಲ್ಲಿನ ಕೆಲಸಗಾರರಿಗೆ ಗುರುತು ಸಿಗಲೆಂದು ಗೌಹರ್ ಜಾನ್ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆದ ಮೇಲೆ ತಟ್ಟೆಗಳು ಇಲ್ಲಿಯೇ ತಯಾರಾದವು. ಗೌಹರ್ ಜಾನ್ ತಮ್ಮ ಕೊನೆಯ ದಿನಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ವಿದುಷಿಯಾಗಿ ಮೈಸೂರಿನಲ್ಲಿದ್ದು, 1930ರ ಜನವರಿ 17ರಂದು ಅಲ್ಲೇ ತೀರಿಕೊಂಡರು. ಹೊಟ್ಟೆಪಾಡಿಗೆ ಕಹಳೆಯನ್ನು ನಂಬಿದ ಮೊದಲ ಪೀಳಿಗೆಯ ಒಬ್ಬರು ಕೊನೆಯುಸಿರೆಳೆದದ್ದು ನಮ್ಮೂರಿನಲ್ಲೇ ಎಂದು ನೆನೆದಾಗಲೆಲ್ಲ ಈ ಚರಿತ್ರೆ ನನಗೆ ಪರದೇಶದ್ದು ಅನ್ನಿಸುವುದಿಲ್ಲ.

1925: ಮೈಕ್ ಬಂತು

1925ರಲ್ಲಿ ಕಹಳೆಯ ಜಾಗಕ್ಕೆ ಮೈಕ್ ಬಂತು. ಗಾಳಿಯ ಕಂಪನ ವಿದ್ಯುತ್ತಾಗಿ, ಆ ವಿದ್ಯುತ್ತು ಹಿಗ್ಗಿ ಮೊನೆಯನ್ನು ಅಲುಗಿಸತೊಡಗಿತು. ಗೆರೆ ಕೊರೆಯುವ ಬಲ ಈಗ ಎದೆಯಿಂದ ಬರಬೇಕಾಗಿರಲಿಲ್ಲ. ಕೆಳಗೆ ಮಂದ್ರ ಸ್ವರಗಳೂ ಮೇಲೆ 5000 ಕಂಪನದ ಸುತ್ತಿನವೂ ತಟ್ಟೆಗೆ ಇಳಿದವು. ಕಳೆದುಹೋಗಿದ್ದ ಉಸಿರು ಸದ್ದುಗಳು ತಕ್ಕಮಟ್ಟಿಗೆ ಮರಳಿದವು.

ಇದರಿಂದ ಹಾಡುಗಾರಿಕೆಯೇ ಬದಲಾಯಿತು. ಕಿವಿಯ ಹತ್ತಿರ ಪಿಸುಗುಟ್ಟಿದಂತೆ ಹಾಡುವವರು ಹೊಸ ತಾರೆಗಳಾದರು, ಎದೆಯುಬ್ಬಿಸಿ ಹಾಡುತ್ತಿದ್ದ ಹಲವರು ಹಿಂದೆ ಸರಿದರು. ಡಾಸನ್ ಸರಿಯಲಿಲ್ಲ. ಯಂತ್ರ ತಮ್ಮ ದನಿಯ ತಳವನ್ನೂ ಹಿಡಿಯಬಲ್ಲದೆಂದಾದಾಗ ಅವರು ಕಹಳೆಯ ಕಾಲದಲ್ಲಿ ಹಾಡಿದ್ದನ್ನೇ ಮೈಕಿನ ಮುಂದೆ ಮತ್ತೆ ಹಾಡಿದರು. ‘ದಿ ಫ್ಲೋರಲ್ ಡಾನ್ಸ್’ ಹಾಡನ್ನು ಹಾಗೆ ಎರಡೂ ಕಾಲದಲ್ಲಿ ಕೇಳಬಹುದು. ಆಸ್ಟ್ರೇಲಿಯನ್ನರು ತಮ್ಮ ನಾಡಗೀತೆಯಂತೆ ಕಾಣುವ ‘ವಾಲ್ಟ್ಸಿಂಗ್ ಮಟಿಲ್ಡಾ’ವನ್ನು ಅವರು 1938ರಲ್ಲಿ ಮುದ್ರಿಸಿದರು. ಅವರ ತಟ್ಟೆಗಳು ಒಟ್ಟು ಒಂದು ಕೋಟಿಗೂ ಹೆಚ್ಚು ಮಾರಾಟವಾದವೆಂಬ ಅಂದಾಜಿದೆ. ಎರಡನೇ ಮಹಾಯುದ್ಧದ ವರ್ಷಗಳನ್ನು ಆಸ್ಟ್ರೇಲಿಯಾದಲ್ಲಿ ಕಳೆದು, ಆಮೇಲೂ ಹಾಡುತ್ತಲೇ ಇದ್ದು, 1961ರ ಸೆಪ್ಟೆಂಬರ್‌ನಲ್ಲಿ ಸಿಡ್ನಿಯಲ್ಲಿ ನಿಧನರಾದರು.

ಕೇಳುವ ಮುನ್ನ ಒಂದು ಮಾತು

ಆ ತಟ್ಟೆಗಳನ್ನು ‘78ರ ತಟ್ಟೆ’ ಎನ್ನುತ್ತೇವೆ, ನಿಮಿಷಕ್ಕೆ 78 ಸುತ್ತು ಎಂಬ ಅರ್ಥದಲ್ಲಿ. ಕಹಳೆಯ ಕಾಲದಲ್ಲಿ ಈ ವೇಗ ಕಟ್ಟುನಿಟ್ಟಾಗಿರಲಿಲ್ಲ, 78ಕ್ಕಿಂತ ಕೆಳಗೆ ಮುದ್ರಿಸಿದ ತಟ್ಟೆಗಳು ಬೇಕಾದಷ್ಟಿವೆ. 74ರ ವೇಗದಲ್ಲಿ ಮುದ್ರಿಸಿದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಸುಮಾರು ಅರ್ಧ ಮನೆ ಏರುತ್ತದೆ, ಹಾಡೂ ಓಡುತ್ತದೆ. ಬ್ಯಾರಿಟೋನ್ ಟೆನರಿನತ್ತ ವಾಲುತ್ತಾನೆ. ಅಂತರ್ಜಾಲಕ್ಕೆ ಹಾಕಿದವರು ಎಲ್ಲವನ್ನೂ ಒಂದೇ ವೇಗದಲ್ಲಿ ತಿರುಗಿಸಿರುವುದು ಸಾಮಾನ್ಯ.

ದನಿ ಏನೋ ಹರಿತವಾಗಿ, ಉಸಿರು ಸಿಗದಂತೆ ಅವಸರದಲ್ಲಿದೆ ಅನ್ನಿಸಿದರೆ ವೇಗವನ್ನು 0.95ಕ್ಕೆ ಇಳಿಸಿ ನೋಡಿ. ವೇಗದೊಂದಿಗೆ ಶ್ರುತಿಯೂ ಇಳಿಯುವಂಥ ಆ್ಯಪ್ ಬೇಕು. ಶ್ರುತಿಯನ್ನು ಹಾಗೆಯೇ ಇಟ್ಟು ವೇಗ ಮಾತ್ರ ತಗ್ಗಿಸುವುದು ಇದಕ್ಕೆ ಒದಗದು. ಡಾಸನ್ ಅವರ ಕಹಳೆ ಕಾಲದ ಒಂದು ಹಾಡನ್ನು ನಾನು ಹೀಗೆ ಕೇಳಿದೆ. ಮೊದಲ ಸಲ ಯಾರೋ ಚುರುಕಿನ ತರುಣ ಹಾಡಿದಂತಿತ್ತು. ವೇಗ ಇಳಿಸಿದ ಮೇಲೆ ಸಾಲುಗಳ ನಡುವೆ ಉಸಿರೆಳೆಯಲು ಜಾಗ ಬಂತು, ಎದೆ ಅಗಲವಾಯಿತು, ಕೊರಳು ಅರ್ಧ ಮನೆ ಕೆಳಗಿಳಿದು ತನ್ನ ಜಾಗದಲ್ಲಿ ಕೂತಿತು.